ಚಿಕ್ಕವಳಿಗೊಂದು ಕೆಲಸ

ದೊಡ್ಡ ಮಕ್ಕಳಿಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಎಂದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಇವಳನ್ನ ಏನಮ್ಮಾ ಮಾಡ್ತೀಯ?"

ಇವಳು ಅಂದರೆ ಮೂರು ವರ್ಷದ ಮೂರನೆಯವಳು. ಆಗ ಫ್ರಿಜ್ಜಿನ ಅಡಿಗೆ ಚಪಾತಿ ತೂರಿಸುತ್ತಿದ್ದಳು.

"ಪಾಪ, ಅವಳ ಪಾಡಿಗೆ ಅವಳು ಆಡ್ಕೊಂಡಿರ್ತಾಳೆ ಬಿಡಿ ಅತ್ತೆ" ಎಂದೆ.

ಉಳಿದ ಪ್ರಶ್ನೆಗಳಿಗೆಲ್ಲ ನನ್ನ ಬಳಿ ಉತ್ತರವಿತ್ತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 'ಎ' ಹಂತ ಮೂರನೇ ತರಗತಿಗೆ ಸಮ, 'ಬಿ' ಐದಕ್ಕೆ, 'ಸಿ' ಎಂಟಕ್ಕೆ ಎಂದು ಮದುವೆ ಪಂಕ್ತಿಯಲ್ಲಿ ಕೂತು, ಪಾಯಸ ಬರುವುದರೊಳಗೆ ನೆಂಟರಿಗೆ ವಿವರಿಸಿ ಮುಗಿಸುವಷ್ಟು ಪಳಗಿದ್ದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಅದರಲ್ಲಿ ಚಿಕ್ಕವಳಿಗೂ ಒಂದು ಕಾಲಂ: 'ಸ್ವತಂತ್ರ ಆಟ'. ಮೊದಲ ದಿನವೇ ಕುರ್ಚಿ ಹತ್ತಿ, ಆ ಕಾಲಂ ಒಂದನ್ನೇ ಹರಿದು ಬಾಯಿಗೆ ಹಾಕಿಕೊಂಡಳು.

ಆಗ ನೆನಪಾದವರು ಮಾರಿಯಾ ಮಾಂಟೆಸ್ಸೊರಿ. 1907ರಲ್ಲಿ ರೋಮ್‌ನ ಬಡವರ ಕೇರಿಯಲ್ಲಿ ಐವತ್ತರಷ್ಟು ಮಕ್ಕಳನ್ನು ಕೂಡಿಸಿಕೊಂಡು ಮೊದಲ 'ಮಕ್ಕಳ ಮನೆ' ತೆರೆದವರು. 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದು, ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದು ನಮ್ಮ ಶಿಕ್ಷಕರನ್ನು ತರಬೇತುಗೊಳಿಸಿದವರು. ಆಟಿಕೆಗಿಂತ ಸುರಿಯುವುದು, ಆರಿಸುವುದು ಇಂಥ ನಿಜವಾದ ಮನೆಗೆಲಸ ಕೊಟ್ಟರೆ ಮಗು ತನ್ಮಯವಾಗುತ್ತದೆ ಎಂಬುದು ಅವರ ಮಾತಿನ ಸಾರ. ಅವರು ಐವತ್ತನ್ನು ಸುಧಾರಿಸಿದರು. ನನ್ನದು ಒಂದೇ ಒಂದು.

ಸೋಮವಾರ ತೊಗರಿಬೇಳೆ, ಹೆಸರುಕಾಳು ಬೆರೆಸಿ ಕೊಟ್ಟು "ಬೇರೆ ಮಾಡು ಚಿನ್ನ" ಎಂದೆ. ಈಚೆ ಹದಿಮೂರರ ಮಗ್ಗಿ ಐವತ್ತೆರಡಕ್ಕೆ ಬರುವಷ್ಟರಲ್ಲಿ ನನ್ನ ನೈಟಿ ಜಗ್ಗಿದಳು. ಬೇರೆ ಮಾಡಿರಲಿಲ್ಲ, ರಾಗಿಯನ್ನೂ ಸೇರಿಸಿದ್ದಳು. ಆ ವಾರವೆಲ್ಲ ನಮ್ಮನೆಯ ಸಾರಿಗೆ ಹೆಸರೇ ಇರಲಿಲ್ಲ.

ಮಂಗಳವಾರ ಎರಡು ಲೋಟ, ಒಂದು ಚೊಂಬು ನೀರು. ತುಂಗಾ, ಭದ್ರಾ ಎರಡೂ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ಹರಿದು, ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರುತ್ತವೆ ಎಂದು ನಾನು ಪಾಠ ಮಾಡುತ್ತಿದ್ದೆ. ನಡುವಿನವಳು ಕಾಲು ಮೇಲಕ್ಕೆತ್ತಿಕೊಂಡು "ಅಮ್ಮಾ, ಕೂಡಲಿ!" ಎಂದಳು. ಅಡುಗೆಮನೆಯಿಂದ ಹೊರಟ ಎರಡು ಕವಲು ನೀರು ದಿವಾನದ ಅಡಿಯಲ್ಲಿ ಸಂಗಮವಾಗಿ ಪುಸ್ತಕದ ಚೀಲದ ಕಡೆ ಹೊರಟಿತ್ತು.

ಬುಧವಾರ ಅತ್ತೆಯ ಅಳಗುಳಿಮಣೆ. ಹದಿನಾಲ್ಕು ಗುಳಿಗೂ ಹುಣಸೆಬೀಜ ತುಂಬಬೇಕು. ತುಂಬಿದಳು. ಹದಿನೈದನೆಯ ಗುಳಿ ಮೂಗಿನಲ್ಲೇ ಸಿಕ್ಕಿತು. ಅತ್ತೆ ಇನ್ನೊಂದು ಹೊಳ್ಳೆ ಒತ್ತಿ ಹಿಡಿದು "ಜೋರಾಗಿ ಊದು ಕಂದ" ಎಂದರು. ಬೀಜ ಹಾರಿ ನಕ್ಷೆಯಲ್ಲಿ ಬಳ್ಳಾರಿಯ ಮೇಲೆ ಬಿತ್ತು. ಅತ್ತೆ ನನ್ನನ್ನು ನೋಡಿದರು. ಪ್ರಶ್ನೆ ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ.

ಒಂದು ಸಂಗತಿ ಮಾತ್ರ ವಿಚಿತ್ರ. ಚಿತ್ರ ಬರೆಯುವ ಹೊತ್ತಿನಲ್ಲಿ ಅವಳ ಸುಳಿವೇ ಇರುತ್ತಿರಲಿಲ್ಲ. ಭಾಗಾಕಾರ ತೆಗೆದರೆ ಸಾಕು, ಉಚ್ಚೆ, ಬಾಯಾರಿಕೆ, ಹೊಟ್ಟೆನೋವು, ಇರುವೆ ಎಲ್ಲ ಒಟ್ಟಿಗೆ ಬರುತ್ತಿದ್ದವು. ಲೆಕ್ಕಕ್ಕೂ ಎಳೆ ಮಗುವಿನ ಮೂತ್ರಕೋಶಕ್ಕೂ ಇರುವ ನಂಟಿನ ಬಗ್ಗೆ ಒಂದು ಸಿದ್ಧಾಂತವನ್ನೇ ಕಟ್ಟಿ ನಮ್ಮ ಯಜಮಾನರ ಮುಂದೆ ಮಂಡಿಸಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ "ಇದ್ರೂ ಇರಬಹುದು" ಎಂದರು. ಒಣದ್ರಾಕ್ಷಿ ಡಬ್ಬಿ ದಿನೇದಿನೇ ಹಗುರಾಗುತ್ತಿದ್ದದ್ದು ಮಾತ್ರ ನನ್ನ ಸಿದ್ಧಾಂತದೊಳಗೆ ಬರಲಿಲ್ಲ.

ಎರಡು ವಾರ ಕಳೆದ ಮೇಲೆ ದೊಡ್ಡವನ ಲೆಕ್ಕದ ಪುಸ್ತಕ ತಿದ್ದುತ್ತಾ ಕೊನೆಯ ಪುಟಕ್ಕೆ ಬಂದೆ. ನನಗೆಂದೂ ತೋರಿಸದ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿತ್ತು: 'ಅಮ್ಮನನ್ನು ಎಬ್ಬಿಸಿದ್ದಕ್ಕೆ: ದಿನಕ್ಕೆ 3 ಸಲ × 2 ದ್ರಾಕ್ಷಿ × 12 ದಿನ = 72. ಕೊಟ್ಟದ್ದು 58. ಬಾಕಿ 14.' ಕೆಳಗೆ ಸಾಕ್ಷಿಯಾಗಿ ನಡುವಿನವಳ ಸಹಿ. ಪಕ್ಕದಲ್ಲಿ ನೇರಳೆ ಕ್ರೆಯಾನಿನ ಒಂದು ಸುರುಳಿ. ಅದು ಪಡೆದವರ ಸಹಿ.

ಯಾರಿಗೆ ಒಂದು ಕೆಲಸ ಕೊಡಬೇಕೆಂದು ನಾನು ಒದ್ದಾಡುತ್ತಿದ್ದೆನೋ ಅವಳು ಆಗಲೇ ಕೆಲಸಕ್ಕೆ ಸೇರಿದ್ದಳು. ಸಂಬಳವಷ್ಟೇ ಬಾಕಿ.

ಬೈಯಲು ಬಾಯಿ ತೆರೆದೆ. ಆದರೆ ಗುಣಾಕಾರ ಸರಿಯಿತ್ತು. ಕಳೆದದ್ದೂ ಸರಿಯಿತ್ತು. ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ, ಚಿಕ್ಕವಳನ್ನು ತೊಡೆಯ ಮೇಲೆ ಕೂರಿಸಿಕೊಂಡು "ನಾಳೆಯಿಂದ ಪಾಠದ ಹೊತ್ತಲ್ಲಿ ಸುಮ್ಮನಿದ್ರೆ ಮೂರು ದ್ರಾಕ್ಷಿ ಕೊಡ್ತೀನಿ, ಆಯ್ತಾ?" ಎಂದೆ.

ಅವಳು ಅಣ್ಣನ ಮುಖ ನೋಡಿದಳು. ಅವನು ನಾಲ್ಕು ಬೆರಳು ತೋರಿಸಿದ.