ತಕರಾರಿನ ನಾಲಿಗೆ ಮತ್ತು ತಿರುಗುವ ತಟ್ಟೆ

ಬಡಿಸಿದ್ದನ್ನು ಮೊದಲು ಮೂಸಿ, ಆಮೇಲೆ ಕೆದಕಿ, ಕೊನೆಗೆ ಎಲೆಯ ಅಂಚಿಗೆ ಸರಿಸುವವರನ್ನು ಮನೆಯವರು ಮೊಂಡರೆಂದು ಬೈದರೆ, ಮನಃಶಾಸ್ತ್ರಜ್ಞರು ‘ಆಹಾರ ನವಭೀತಿ’ ಉಳ್ಳವರೆಂದು ಕರೆದು ಆ ಮೊಂಡುತನಕ್ಕೊಂದು ಶಾಸ್ತ್ರೀಯ ಗೌರವ ತಂದುಕೊಟ್ಟಿದ್ದಾರೆ. ಪರಿಚಯವಿಲ್ಲದ ತಿನಿಸಿಗೆ ಹಿಂಜರಿಯುವ ಈ ಸ್ವಭಾವವನ್ನು ಅಳೆಯಲು ಪ್ಯಾಟ್ರಿಷಿಯಾ ಪ್ಲೈನರ್ ಮತ್ತು ಕ್ಯಾರೆನ್ ಹಾಬ್ಡನ್ 1992ರಲ್ಲಿ 10 ಹೇಳಿಕೆಗಳ ಮಾಪಕವೊಂದನ್ನೇ ರೂಪಿಸಿದರು. ವಿಷದ ಕಾಯಿಯನ್ನೂ ಕೊಳೆತ ಮಾಂಸವನ್ನೂ ತಪ್ಪಿಸಿಕೊಂಡು ಬದುಕಿದ ಪೂರ್ವಜರ ಎಚ್ಚರವೇ ಇದರ ಮೂಲವೆಂಬ ವಾದವೂ ಇರುವುದರಿಂದ, ಇಂಥವರ ಮುಂದೆ ಹಸಿ ಮೀನು ಹೊತ್ತ ಹುಳಿಯನ್ನದ ತುತ್ತನ್ನು, ಅಂದರೆ ಜಪಾನಿನ ಸುಶಿಯನ್ನು, ಇಟ್ಟರೆ ಆ ಪೂರ್ವಜರೆಲ್ಲ ಒಟ್ಟಾಗಿ ಎದ್ದು ನಿಂತು ಬೇಡವೆನ್ನುವುದು ಸಹಜವೇ.

ಆದರೆ ಸುಶಿಯ ಚರಿತ್ರೆಯನ್ನು ಬಲ್ಲವರಿಗೆ ತಕರಾರಿನವರ ಬಗ್ಗೆ ಅಷ್ಟು ತಾತ್ಸಾರ ಬರಲಾರದು, ಏಕೆಂದರೆ ಈ ತಿನಿಸನ್ನು ರೂಪಿಸಿದವರೂ ತಕರಾರಿನವರೇ. ಮೀನನ್ನು ಉಪ್ಪು ಮತ್ತು ಅನ್ನದಲ್ಲಿ ತಿಂಗಳುಗಟ್ಟಲೆ ಹುದುಗಿಸುವ ‘ನಾರೆಜ಼ುಶಿ’ ಎಂಬ ಹಳೆಯ ಪದ್ಧತಿಯಲ್ಲಿ ಜನ ಮೀನನ್ನು ತಿಂದು ಅನ್ನವನ್ನು ಎಸೆಯುತ್ತಿದ್ದರು; ಅಷ್ಟು ಕಾಯಲು ಒಲ್ಲದ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಗಿರಾಕಿಗಳಿಗಾಗಿ ವಿನೆಗರ್ ಬೆರೆಸಿದ ಅನ್ನವನ್ನು ಕೈಯಲ್ಲೇ ಉಂಡೆಗಟ್ಟಿ ಮೇಲೆ ಮೀನಿನ ಹೋಳಿಡುವ ‘ನಿಗಿರಿ’ ಬಂದಿತು, ಅದನ್ನು 1820ರ ದಶಕದಲ್ಲಿ ಜನಪ್ರಿಯಗೊಳಿಸಿದ ಕೀರ್ತಿ ಹನಾಯಾ ಯೊಹೆಯಿಗೆ ಸಲ್ಲುತ್ತದೆ. ಇಂದು ಚಿನ್ನದ ಬೆಲೆಗೆ ಮಾರಾಟವಾಗುವ ಟ್ಯೂನಾ ಮೀನಿನ ಕೊಬ್ಬಿದ ಹೊಟ್ಟೆಭಾಗವನ್ನು ಅದೇ ಎದೊ ಜನ ಬೆಕ್ಕು ಕೂಡ ದಾಟಿಹೋಗುವ ಕಸವೆಂದು ಹೀಗಳೆದಿದ್ದರು. ಪರೋಪಜೀವಿಗಳ ಭಯದಿಂದ ಹಸಿ ಸಾಲ್ಮನ್ನನ್ನು ಮುಟ್ಟದಿದ್ದ ಜಪಾನೀಯರಿಗೆ ಅದರ ರುಚಿ ಹತ್ತಿಸಿದ್ದು, ತನ್ನ ಸಾಕಣೆಯ ಮೀನನ್ನು ಮಾರಲು 1980ರ ದಶಕದಲ್ಲಿ ಪಟ್ಟುಹಿಡಿದು ಪ್ರಚಾರ ಮಾಡಿದ ನಾರ್ವೆ ದೇಶ. ಕಡಲಪಾಚಿಯ ಕಪ್ಪು ಹಾಳೆಯನ್ನು ಕಂಡರಾಗದ ಅಮೆರಿಕನ್ನರಿಗಾಗಿ ಅದನ್ನು ಅನ್ನದ ಒಳಗೆ ಬಚ್ಚಿಟ್ಟು ಸುತ್ತಿದ್ದೇ ಕ್ಯಾಲಿಫೋರ್ನಿಯಾ ರೋಲ್. ಮಗುವಿಗೆ ಗುಳಿಗೆಯನ್ನು ಬಾಳೆಹಣ್ಣಿನಲ್ಲಿ ಅಡಗಿಸಿ ನುಂಗಿಸುವ ತಾಯಂದಿರಿಗೆ ಈ ತಂತ್ರ ಹೊಸದೇನಲ್ಲ.

ತಕರಾರಿನ ನಾಲಿಗೆಗೆ ತಕ್ಕ ಗುರುಕುಲವೆಂದರೆ ಜಪಾನಿನ ಬಡಾವಣೆಗಳಲ್ಲಿರುವ ‘ಕೈತೆನ್‌ಜ಼ುಶಿ’, ಅಂದರೆ ಪಟ್ಟಿಯ ಮೇಲೆ ತಟ್ಟೆಗಳು ತಿರುಗುತ್ತ ಬರುವ ಅಂಗಡಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಲಾಗಿ ಸಾಗುವುದನ್ನು ಕಂಡ ಶಿರಾಯಿಶಿ ಯೊಶಿಯಾಕಿ 1958ರಲ್ಲಿ ಒಸಾಕಾ ಸೀಮೆಯಲ್ಲಿ ಇಂಥ ಮೊದಲ ಅಂಗಡಿಯನ್ನು ತೆರೆದದ್ದು ಕೆಲಸಗಾರರ ಕೊರತೆ ನೀಗಲೆಂದಾದರೂ, ಅದರಿಂದ ಹೆಚ್ಚು ಉಪಕೃತರಾದವರು ಮುಖ ಸಿಂಡರಿಸುವ ಜಾತಿಯವರು. ಬಾಣಸಿಗನ ಎದುರೇ ಕೂತು ಅವನು ಕೈಯಾರೆ ಕೊಟ್ಟದ್ದನ್ನು ನಿರಾಕರಿಸುವುದು ಅಪಚಾರ. ತಟ್ಟೆಯನ್ನು ನಿರಾಕರಿಸಿದರೆ ಅದು ಬೇಸರವಿಲ್ಲದೆ ಮುಂದೆ ಹೋಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು ನಿಲುಕಿಗೆ ಸಿಗುತ್ತದೆ. ಹೊಸ ತಿನಿಸು ಪದೇ ಪದೇ ಎದುರಾದಷ್ಟೂ ಅದರ ಮೇಲಿನ ಅನುಮಾನ ಕಡಿಮೆಯಾಗುತ್ತದೆಂದು ಸಂಶೋಧಕರು ಹೇಳುವುದನ್ನು ಈ ಪಟ್ಟಿ ಒತ್ತಾಯವಿಲ್ಲದೆ ಮಾಡಿ ತೋರಿಸುತ್ತದೆ.

ಅಭ್ಯಾಸಕ್ರಮವೂ ಬಹುಮಟ್ಟಿಗೆ ನಿಶ್ಚಿತ. ಸಿಹಿ ಬೆರೆಸಿದ ಮೊಟ್ಟೆದೋಸೆಯ ‘ತಮಾಗೊ’, ಸೌತೆಕಾಯಿಯ ‘ಕಪ್ಪಾಮಾಕಿ’, ಹುರಿದ ತೋಫುವಿನ ಚೀಲದಲ್ಲಿ ಅನ್ನ ತುಂಬಿದ ‘ಇನಾರಿ’ ಇವು ಪ್ರವೇಶ ತರಗತಿ, ಬೇಯಿಸಿದ ಸೀಗಡಿ ಮಧ್ಯಮ, ಸಾಲ್ಮನ್ ಪದವಿ. ಮೈತುಂಬ ಮುಳ್ಳಿರುವ ಕಡಲಜೀವಿಯಾದ ಉನಿಯ ಕಿತ್ತಳೆ ಮುದ್ದೆಯನ್ನು ಮುಟ್ಟದೆಯೇ ಜೀವಮಾನ ಕಳೆದ ಜಪಾನೀಯರೂ ಇದ್ದಾರಾದ್ದರಿಂದ ಆ ಡಾಕ್ಟರೇಟ್ ಕಡ್ಡಾಯವಲ್ಲ. ಮೂಗಿಗೇರುವ ‘ವಸಾಬಿ’ ಎಂಬ ಖಾರ ಬೇಡವಾದವರು ‘ಸಾಬಿನುಕಿ’ ಎಂದರೆ ಸಾಕು, ಮಕ್ಕಳಿಗೆ ಕೊಡುವಂತೆ ಅದಿಲ್ಲದೆ ಕೊಡುತ್ತಾರೆ.

ಜಪಾನಿಗೆ ಹೋಗುವ ಸಸ್ಯಾಹಾರಿ ಕನ್ನಡಿಗರು ಮಾತ್ರ ಒಂದನ್ನು ಗಮನಿಸಬೇಕು. ಪ್ರವೇಶ ತರಗತಿಯ ಆ ನಿರುಪದ್ರವಿ ತಮಾಗೊವಿಗೂ ಇನಾರಿಗೂ ಸಾಮಾನ್ಯವಾಗಿ ಸೇರಿಸುವ ‘ದಾಶಿ’ ಎಂಬ ತಿಳಿಸಾರನ್ನು ಒಣಗಿಸಿದ ಮೀನಿನ ಎಸಳುಗಳಿಂದ ತಯಾರಿಸುತ್ತಾರೆ. ಮೀನನ್ನು ಮುಟ್ಟುವುದಿಲ್ಲವೆಂದು ಶಪಥ ಮಾಡಿ ಒಳಹೊಕ್ಕವರು ಮೊದಲ ತಟ್ಟೆಯಲ್ಲೇ ಅದನ್ನು ತಿಂದಿರುವ ಸಂಭವ ಹೆಚ್ಚಾದ್ದರಿಂದ, ಕೇಳಿಯೇ ಕೈ ಹಾಕುವುದು ಲೇಸು.