ಮಾರ್ಥಾಳ ವಕಾಲತ್ತು

ಸುವಾರ್ತೆಯಲ್ಲಿ ಅಡುಗೆಮನೆಯಿಂದ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನೇರ ದೇವರ ಮುಂದೆಯೇ ದೂರು ಹೇಳಿದವಳು ಮಾರ್ಥಾ. ಸೆರಗು ನಾನು ಸೇರಿಸಿದ್ದು. ದೂರು ಮಾತ್ರ ಲೂಕನ 10ನೇ ಅಧ್ಯಾಯದಲ್ಲೇ ಉಂಟು. ಯೇಸುಸ್ವಾಮಿ ಮನೆಗೆ ಬಂದಿದ್ದಾರೆ. ಒಬ್ಬರೇ ಬಂದದ್ದೋ ಹನ್ನೆರಡು ಮಂದಿ ಶಿಷ್ಯರನ್ನೂ ಕರೆದುಕೊಂಡು ಬಂದದ್ದೋ, ಲೂಕ ಬಿಡಿಸಿ ಹೇಳುವುದಿಲ್ಲ. ಗಂಡಸರು ಬರೆದ ವರದಿಯಲ್ಲಿ ಎಲೆ ಎಷ್ಟು ಹಾಕಬೇಕೆಂಬ ಮುಖ್ಯ ಮಾಹಿತಿಯೇ ಇರುವುದಿಲ್ಲ. ಮಾರ್ಥಾ ಒಳಗೆ ಬೆವರುತ್ತಿದ್ದಾಳೆ. ತಂಗಿ ಮರಿಯಾ ಹೊರಗೆ ಸ್ವಾಮಿಯ ಪಾದದ ಬಳಿ ಕೂತು ಉಪದೇಶ ಕೇಳುತ್ತಿದ್ದಾಳೆ. ಇವಳಿಗೆ ಸ್ವಲ್ಪ ಹೇಳಿ ಎಂದು ಅಕ್ಕ ಕೇಳಿಕೊಂಡರೆ ತೀರ್ಪು ತಂಗಿಯ ಕಡೆಗಾಯಿತು.

ಆ ತೀರ್ಪನ್ನು ನಮ್ಮ ಇಗರ್ಜಿಯಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಧ್ಯಾನಕೂಟದ ದಿನ ತಪ್ಪದೆ ನೆನಪಿಸುತ್ತಾರೆ. ಕ್ರಿಸ್‌ಮಸ್ ಎಂದರೆ ಕುಸ್ವಾರ್ ತಿಂಡಿಗಳಲ್ಲ, ಪರದೆ ಒಗೆಯುವುದಲ್ಲ, ಮನಸ್ಸಿನ ಸಿದ್ಧತೆ ಎಂದು ಫಾದರ್ ಹೇಳುತ್ತಾರೆ. ನಾವು ಹೆಂಗಸರೆಲ್ಲ ತಲೆ ತಗ್ಗಿಸಿ ಕೇಳುತ್ತೇವೆ. ಭಕ್ತಿಯಿಂದ ತಗ್ಗಿಸಿದ್ದೆಂದು ಫಾದರ್ ತಿಳಿದಿದ್ದಾರೆ. ನನ್ನ ಪಕ್ಕದವಳು ರವಿಕೆ ಕೊಡದ ಟೈಲರನನ್ನು ಮನಸ್ಸಿನಲ್ಲೇ ಬೈಯುತ್ತಿರುತ್ತಾಳೆ. ನಾನು ನೆನೆಹಾಕಿ ಬಂದ ಅಕ್ಕಿ ಹುಳಿಯಾದೀತೆಂದು ಗಡಿಯಾರ ನೋಡುತ್ತಿರುತ್ತೇನೆ. ಇದೇ ಫಾದರ್ ಹಬ್ಬದ ಮರುದಿನ ಮನೆಗೆ ಬಂದಾಗ ತಟ್ಟೆಯನ್ನೊಮ್ಮೆ ನೋಡಿ, "ನೆವ್ರ್ಯೊ ಈ ಸಲ ಮಾಡ್ಲಿಲ್ವಾ?" ಎಂದು ಕೇಳದೆ ಬಿಡುವವರಲ್ಲ.

ಮಾರ್ಥಾಳಿಗೆ ಆದ ಅನ್ಯಾಯ ಅಲ್ಲಿಗೂ ಮುಗಿಯಲಿಲ್ಲ. ಜುಲೈ 29 ಅವಳ ಹಬ್ಬದ ದಿನ, ಮೊದಲು ಅವಳೊಬ್ಬಳದ್ದೇ ಆಗಿತ್ತು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಆ ದಿನವನ್ನು ಮಾರ್ಥಾ, ಮರಿಯಾ, ಲಾಜರಸ್ ಮೂವರ ಹಬ್ಬವೆಂದು ಮಾಡಿದರು. ಒಡಹುಟ್ಟಿದವರನ್ನು ಒಟ್ಟಿಗೆ ನೆನೆಯುವುದು ಒಳ್ಳೆಯದೇ, ನಾನು ತಕರಾರು ತೆಗೆಯುವುದಿಲ್ಲ. ಆದರೆ ದುಡಿದವಳಿಗೆ ಇದ್ದ ಒಂದು ದಿನದಲ್ಲೂ ಕೂತವಳಿಗೆ ಪಾಲು ಸಿಕ್ಕಿತಲ್ಲ!

ನಾನು ಅವಳ ಪರ ವಕಾಲತ್ತು ಹಾಕುವುದಿದ್ದರೆ ಸಾಕ್ಷಿಗೆ ಯೊವಾನ್ನನನ್ನು ಕರೆಸುತ್ತೇನೆ. ಅವನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಲಾಜರಸ್ ಸತ್ತು ನಾಲ್ಕು ದಿನವಾದಾಗ ಸ್ವಾಮಿ ಬರುತ್ತಿದ್ದಾರೆಂದು ಕೇಳಿ ಊರ ಹೊರಗೆ ಎದುರುಗೊಳ್ಳಲು ಹೋದವಳು ಮಾರ್ಥಾ, ಮನೆಯಲ್ಲೇ ಕೂತವಳು ಮರಿಯಾ. 12ನೇ ಅಧ್ಯಾಯದಲ್ಲಿ ಅವರ ಊರಾದ ಬೆಥಾನಿಯದಲ್ಲಿ ಮತ್ತೊಂದು ಔತಣ. ಅಲ್ಲಿ ಬಡಿಸುತ್ತಿದ್ದವಳು ಯಾರು? ಮಾರ್ಥಾಳೇ. ಅಷ್ಟು ದೊಡ್ಡವರ ಬಾಯಿಂದ ಬುದ್ಧಿಮಾತು ಕೇಳಿದ ಮೇಲೂ ಅವಳು ಸೌಟು ಕೆಳಗಿಟ್ಟಿಲ್ಲ. ಇಡುವುದಾದರೂ ಹೇಗೆ, ಊಟಕ್ಕೆ ಬಂದವರು ಎದ್ದು ಹೋಗಲಿಲ್ಲವಲ್ಲ.

ಹಬ್ಬದ ಕಾಲದಲ್ಲಿ ಮನಶ್ಶಾಂತಿ ಬೇಕಾದರೆ ಅಚ್ಚುಕಟ್ಟು ಬೇಕು ಎಂಬುದು ಈಗಿನವರ ಉಪದೇಶ. ಇದರ ಮಹಾಗುರು ಇನ್ನೊಬ್ಬ ಮಾರ್ಥಾ, ಅಮೆರಿಕದ ಮಾರ್ಥಾ ಸ್ಟೀವರ್ಟ್. 1982ರಲ್ಲಿ ಅತಿಥಿಸತ್ಕಾರದ ಮೇಲೆ ದಪ್ಪ ಪುಸ್ತಕ ಬರೆದು, 1990ರಲ್ಲಿ ತನ್ನದೇ ಹೆಸರಿನ ಪತ್ರಿಕೆ ತೆಗೆದು, ಕರವಸ್ತ್ರ ಮಡಿಸುವುದಕ್ಕೂ ಒಂದು ಶಾಸ್ತ್ರವಿದೆಯೆಂದು ಜಗತ್ತಿಗೆ ತೋರಿಸಿಕೊಟ್ಟ ಹೆಂಗಸು. ಷೇರು ವ್ಯವಹಾರದ ಮೊಕದ್ದಮೆಯೊಂದರಲ್ಲಿ ಶಿಕ್ಷೆಯಾಗಿ 2004ರ ಕ್ರಿಸ್‌ಮಸ್ಸನ್ನು ಆಕೆ ಜೈಲಿನಲ್ಲಿ ಕಳೆದಳು. ಕೆಟ್ಟ ಮಾತು ಆಡಬಾರದು, ಆದರೆ ಡಿಸೆಂಬರ್ 23ರ ರಾತ್ರಿ ಹನ್ನೊಂದಕ್ಕೆ ಸಕ್ಕರೆ ಪಾಕ ಕಲಕುತ್ತಿರುವಾಗ ಒಮ್ಮೊಮ್ಮೆ ಅವಳ ಮೇಲೆ ನನಗೆ ಅಸೂಯೆ ಹುಟ್ಟಿದ್ದುಂಟು. ಯಾರೋ ಬೇಯಿಸಿ ಹಾಕುತ್ತಾರೆ, ನೆಂಟರು ಬರುವುದಿಲ್ಲ, ಬಂದರೂ ಹೊತ್ತಿಗೆ ಸರಿಯಾಗಿ ಹೊರಗೆ ಕಳಿಸುತ್ತಾರೆ.

ನಮ್ಮ ಮನೆಯಲ್ಲಿ ಈ ಅಚ್ಚುಕಟ್ಟಿನ ಗಾಳಿ ಬೀಸಿದ್ದು ನನ್ನ ಗಂಡ ಬ್ಯಾಂಕಿನಿಂದ ನಿವೃತ್ತರಾದ ಮೇಲೆ. ಅದುವರೆಗೆ ಹಬ್ಬ ತಾನಾಗಿ ಬರುತ್ತದೆ ಎಂದು ನಂಬಿದ್ದ ಮನುಷ್ಯ. ಮನೆಯಲ್ಲಿ ಕೂತು ನೋಡಿದಾಗ ಅದರ ಹಿಂದೆ ಇಷ್ಟು ಕೆಲಸ ಇದೆಯೆಂದು ಗೊತ್ತಾಗಿ ಗಾಬರಿಯಾದರು. ಗಾಬರಿಯಾದ ಗಂಡಸು ಒಂದೋ ನೆರವಿಗೆ ಬರಬೇಕು, ಇಲ್ಲವೇ ಮೇಲ್ವಿಚಾರಣೆಗೆ ಇಳಿಯಬೇಕು. ಇವರು ಕಂಪ್ಯೂಟರಿನ ಮುಂದೆ ಕೂತು ಒಂದು ಎಕ್ಸೆಲ್ ಶೀಟ್ ತಯಾರಿಸಿದರು. ಕೆಲಸ, ಆರಂಭದ ದಿನಾಂಕ, ಮುಗಿಯುವ ದಿನಾಂಕ, ಜವಾಬ್ದಾರಿ, ಷರಾ. ಮುಗಿದದ್ದಕ್ಕೆ ಹಸಿರು, ತಡವಾದದ್ದಕ್ಕೆ ಕೆಂಪು. ಬಾಫಾತ್ ಪುಡಿಯ ಮೆಣಸು ಒಣಗಿಸುವುದು ಮೇ ತಿಂಗಳಲ್ಲಿ, ಕೇಕಿನ ದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ರಮ್ಮಿನಲ್ಲಿ ನೆನೆಹಾಕುವುದು ಅಕ್ಟೋಬರಿನಲ್ಲಿ, ಸಾನ್ನಾಂಗೆ ಕಳ್ಳು ಹೇಳಿ ಇಡುವುದು, ಹಂದಿಮಾಂಸದ ಅಂಗಡಿಯಲ್ಲಿ ಹೆಸರು ಬರೆಸುವುದು, ಕುವೈತಿನಿಂದ ಬರುವ ನಾದಿನಿಯ ಕೋಣೆಗೆ ಸೊಳ್ಳೆಪರದೆ; ಒಂದನ್ನೂ ಬಿಟ್ಟಿರಲಿಲ್ಲ. ಅದನ್ನು ಅಚ್ಚು ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ನಾನು ಕನ್ನಡಕ ಹಾಕಿ ಓದಿದೆ. ಜವಾಬ್ದಾರಿಯ ಅಂಕಣದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು. ನನ್ನದು. ಒಂದೊಂದು ಸಾಲಿನಲ್ಲೂ ಟೈಪ್ ಮಾಡಿ ಬೆರಳು ನೋಯಿಸಿಕೊಳ್ಳಲಿಲ್ಲ ಅವರು, ಮೊದಲ ಸಾಲಿನಲ್ಲಿ ಬರೆದು ಕೆಳಕ್ಕೆ ಎಳೆದರಂತೆ.

"ಇಷ್ಟು ಸುಲಭ ಉಂಟು ನೋಡು," ಎಂದರು ಹೆಮ್ಮೆಯಿಂದ.

ತಮ್ಮ ಹೆಸರು ಹಾಕಿಕೊಂಡದ್ದು ಎರಡೇ ಕಡೆ: ನಕ್ಷತ್ರ ಕಟ್ಟುವುದು ಮತ್ತು ಗೋದಲಿ. ಗೋದಲಿ ಗಂಡಸರ ಇಲಾಖೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ಹುಲ್ಲು, ಎತ್ತು, ಕತ್ತೆ ತರಿಸಿ ಯೇಸುವಿನ ಜನನದ ದೃಶ್ಯವನ್ನು ಜನರಿಗೆ ಕಾಣಿಸಿದರು. ಆಮೇಲೆ ಗುಡಿಸಿದವರು ಯಾರೆಂದು ಯಾರೂ ದಾಖಲಿಸಿಲ್ಲ. ನಾನು ಮನೆಯ ಮೂಲೆ ಮೂಲೆ ತೊಳೆದು ಒರೆಸಿದ ಮರುದಿನವೇ ಇವರು ಹುಲ್ಲು, ಕೆಂಪು ಮಣ್ಣು, ಕಲ್ಲು, ಪಾಚಿ, ಪಾಚಿಯ ಜತೆಗೆ ಅದರ ಇರುವೆಗಳನ್ನೂ ಹೊತ್ತು ಹಜಾರಕ್ಕೆ ಬರುತ್ತಾರೆ. ಹತ್ತು ದಿನ ಮೊದಲೇ ತೆಂಗಿನ ಗೆರಟೆಯಲ್ಲಿ ಭತ್ತ ಬಿತ್ತಿ ಮೊಳಕೆ ಬರಿಸುತ್ತಾರೆ. ಅದು ಗದ್ದೆ. ಚೆನ್ನಾಗಿಯೇ ಕಾಣುತ್ತದೆ, ಹೊಟ್ಟೆಕಿಚ್ಚಿಗಾದರೂ ಇಲ್ಲವೆನ್ನಲಾರೆ.

ಗೋದಲಿಯಲ್ಲಿ ಬಾಲಯೇಸುವನ್ನು 24ರ ರಾತ್ರಿಯವರೆಗೆ ಇಡುವಂತಿಲ್ಲ. ಕುರುಬರು, ಕುರಿ, ಒಂಟೆ ಎಲ್ಲ ಮುಂಚೆಯೇ ಬಂದು ಖಾಲಿ ತೊಟ್ಟಿಲನ್ನು ನೋಡುತ್ತ ನಿಂತಿರುತ್ತವೆ. ಅಂಗೈಯಗಲದ ಆ ಬಾಲಯೇಸು ಎಲ್ಲಾದರೂ ಕಳೆದೀತೆಂದು ಗಂಡ ಅದನ್ನು ತೆಗೆದಿಟ್ಟು, ಶೀಟಿನಲ್ಲಿ ಒಂದು ಸಾಲು ಸೇರಿಸಿದರು: "ಬಾಲಯೇಸು. ಭದ್ರವಾದ ಸ್ಥಳದಲ್ಲಿ ಇರಿಸಲಾಗಿದೆ." ಹಸಿರು ಬಣ್ಣ. ನಡುರಾತ್ರಿಯ ಬಲಿಪೂಜೆಗೆ ಹೊರಡುವ ಹೊತ್ತಿಗೆ ಆ ಭದ್ರವಾದ ಸ್ಥಳ ಯಾವುದೆಂದು ಅವರಿಗೆ ಮರೆತುಹೋಗಿತ್ತು. ಹೊಸ ಸೀರೆ ಉಟ್ಟವರು, ಕೋಟು ಹಾಕಿದವರು ಎಲ್ಲ ಮನೆ ತುಂಬ ದೇವರನ್ನು ಹುಡುಕಿದೆವು. ನಾದಿನಿಯ ಸಣ್ಣ ಮಗ ಬಾಗಿಲಿಗೆ ಬಂದ ಪಕ್ಕದ ಮನೆಯವರಿಗೆ, "ಯೇಸು ಕಾಣೆಯಾಗಿದ್ದಾರೆ, ಬೇಗ ಬನ್ನಿ," ಎಂದು ಸುದ್ದಿ ಮುಟ್ಟಿಸಿದ. ಕೊನೆಗೆ ಗೋದ್ರೆಜ್ ಬೀರುವಿನ ಲಾಕರಿನಲ್ಲಿ, ಠೇವಣಿ ರಸೀದಿಗಳ ಮೇಲೆ, ಕೈ ಚಾಚಿ ಮಲಗಿದ್ದ ಸ್ವಾಮಿ ಸಿಕ್ಕಿದರು. ಬ್ಯಾಂಕಿನವರ ಭದ್ರ ಸ್ಥಳ!

ನನ್ನ ಅತ್ತೆಯ ಬಳಿಯೂ ಒಂದು ಪಟ್ಟಿ ಇತ್ತು. ಹಳೆಯ ಡೈರಿಯೊಂದರ ಹಿಂದಿನ ಪುಟಗಳಲ್ಲಿ, ಎಣ್ಣೆಯ ಕಲೆಗಳ ನಡುವೆ ಪೆನ್ಸಿಲಿನಲ್ಲಿ ಬರೆದದ್ದು. ಅವರು ಹೋದ ಮೇಲೆ ಕುಸ್ವಾರಿನ ಅಳತೆ ಸಿಕ್ಕೀತೆಂದು ಆಸೆಯಿಂದ ತೆರೆದೆ. ಮೈದಾ ಎಷ್ಟು ಕುಡ್ತೆ, ತೆಂಗಿನಕಾಯಿ ಎಷ್ಟು ಎಂದು ಅಲ್ಲೊಂದು ಇಲ್ಲೊಂದು ಕಡೆ ಇತ್ತು. ದಿನಾಂಕ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಜನರ ಹೆಸರು. ಕಿಡಿಯೊ ಎಂದು ಬರೆದು ಎದುರಿಗೆ ಬೀದಿಯ ಅರ್ಧ ಮಕ್ಕಳ ಹೆಸರು. ನೆವ್ರ್ಯೊ ಎಂಬಲ್ಲಿ ಇಬ್ಬರು ಓರಗಿತ್ತಿಯರು, ಬ್ರಾಕೆಟಿನಲ್ಲಿ "ದೂರ ದೂರ ಕೂರಿಸುವುದು". ಕುಕ್ಕಿಸಾಂ ಎಂಬಲ್ಲಿ, ಗುಲಾಬಿ ಹೂವಿನ ಕಬ್ಬಿಣದ ಅಚ್ಚು ಯಾರ ಮನೆಯಿಂದ ಬರಬೇಕು, ಯಾರ ಮನೆಗೆ ಹೋಗಬೇಕು ಎಂಬ ವಿವರ. ಇಡೀ ಕೇರಿಗೆ ಇದ್ದದ್ದು ಒಂದೇ ಪಳಗಿದ ಅಚ್ಚು, ಹೊಸತಕ್ಕೆ ಹಿಟ್ಟು ಅಂಟಿಕೊಂಡು ಹೂವು ಬಿಟ್ಟು ಬರುವುದಿಲ್ಲ. ಚಕ್ಕುಲಿಯ ಎದುರು ದೀಪಾವಳಿಗೆ ನಮಗೆ ತಟ್ಟೆ ಕಳಿಸುವ ಶೆಟ್ಟರ ಮನೆಯಾಕೆಯ ಹೆಸರು, ಏಕೆಂದರೆ ಚಕ್ಕುಲಿಯಲ್ಲಿ ಅವರ ಕೈ ಮೇಲು. ಕೇಕಿನ ಎದುರು ಬೇಕರಿಯ ಭಟ್ಟಿ ನೋಡಿಕೊಳ್ಳುವ ಅಣ್ಣನ ಹೆಸರು. ಆಗ ಮನೆಯಲ್ಲಿ ಕಲಸಿದ ಹಿಟ್ಟನ್ನು ತಟ್ಟೆಗೆ ಸುರಿದು ಬೇಕರಿಗೆ ಹೊತ್ತುಕೊಂಡು ಹೋಗಿ ಬೇಯಿಸಿ ತರುವುದಿತ್ತು. ಮಾವನ ಹೆಸರಿನ ಎದುರು ಬರೆದದ್ದು ಇಷ್ಟೇ: "ತೆಂಗಿನಕಾಯಿ ಸುಲಿಯುವುದು. ರುಚಿ ನೋಡಲು ಕೊಡಬಾರದು."

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯದು ಆಳುಗಳನ್ನು ಕೂಡಿಸುವ ಉಪಾಯವೆಂದು ತಿಳಿದಿದ್ದೆ. ಕಿಡಿಯೊ ಮಾಡಲು ಕೂತ ಮೇಲೆ ತಿಳಿಯಿತು. ಮೈದಾ, ಮೊಟ್ಟೆ, ತೆಂಗಿನಹಾಲಿನ ಹಿಟ್ಟನ್ನು ಗೋಲಿಯಷ್ಟು ಹರಿದು, ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಬೇಕು. ಒಂದು ಸೇರು ಹಿಟ್ಟಿಗೆ ನೂರಾರು ಆಗುತ್ತವೆ. ಒಬ್ಬಳೇ ಕೂತು ಸುತ್ತಿದರೆ ಸನ್ಯಾಸ ಬರುತ್ತದೆ. ಹತ್ತು ಜನ ಕೂತರೆ ಊರಿನ ಸುದ್ದಿ ಅರ್ಧ ಮುಗಿಯುವಷ್ಟರಲ್ಲಿ ಹಿಟ್ಟು ಖಾಲಿ. ಜಪಮಾಲೆಯನ್ನೂ ಅಲ್ಲೇ ಹೇಳಿ ಮುಗಿಸುತ್ತಿದ್ದೆವು. ಬೆರಳಿಗೆ ಮಣಿಯ ಬದಲು ಕಿಡಿಯೊ. ಒಮ್ಮೆ ಯಾವ ರಹಸ್ಯದಲ್ಲಿದ್ದೇವೆಂದು ಲೆಕ್ಕ ತಪ್ಪಿದಾಗ ಅತ್ತೆ ತಲೆ ಎತ್ತದೆ, "ತಪ್ಪಿದರೆ ಎಂತ, ಮಾತೆಗೂ ಮನೆಯಲ್ಲಿ ಕೆಲಸ ಇತ್ತು ಮಾರಾಯ್ತಿ, ಅವಳಿಗೆ ಅರ್ಥ ಆಗ್ತದೆ," ಎಂದಿದ್ದರು.

ಅವರು ಗಡಿಬಿಡಿ ಮಾಡಿದ್ದನ್ನು ನಾನು ಕಂಡಿಲ್ಲ. ಇವರ ಎಕ್ಸೆಲ್ಲಿಗಿಂತ ಹಳೆಯ ಪಂಚಾಂಗವೊಂದು ಅವರ ಕಣ್ಣೆದುರಿಗೇ ಇತ್ತು: ಆಗಮನ ಕಾಲದ ನಾಲ್ಕು ಭಾನುವಾರ. ಹಸಿರೆಲೆಯ ಚಕ್ರದಲ್ಲಿ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹೆಚ್ಚು ಉರಿಸುವುದು. ಈ ಚಕ್ರದ ಉಪಾಯ 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೊಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪಾದ್ರಿಗೆ ಹೊಳೆದದ್ದು. ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನಾ ಪೀಡಿಸುತ್ತಿದ್ದುದಕ್ಕೆ ಗಾಡಿಯ ಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸಿ, ಎಣಿಸಿಕೊಳ್ಳಿ ಎಂದು ಬಿಟ್ಟರು. ಅವರು ಪ್ರಾಟೆಸ್ಟಂಟ್, ನಾವು ಕಥೋಲಿಕರು. ಮಕ್ಕಳ ಪೀಡೆ ಎರಡು ಸಭೆಗಳಲ್ಲೂ ಒಂದೇ ಆದ್ದರಿಂದ ನಾವೂ ತೆಗೆದುಕೊಂಡೆವು. ನಮ್ಮಲ್ಲಿ ಮೂರು ಬತ್ತಿ ನೇರಳೆ, ಮೂರನೇ ಭಾನುವಾರದ್ದು ಗುಲಾಬಿ ಬಣ್ಣ, ಸಂತೋಷದ ಭಾನುವಾರ ಎಂದು. ಅತ್ತೆ ಕಿಡಿಯೊಗೆ ಕೂರುತ್ತಿದ್ದದ್ದು ಆ ದಿನ. ನಾಲ್ಕನೇ ಬತ್ತಿ ಉರಿಸುವ ಹೊತ್ತಿಗೆ ಡಬ್ಬಗಳ ಬಾಯಿಗೆ ಕಾಗದ ಬಿಗಿದಾಗಿರುತ್ತಿತ್ತು. ಅಷ್ಟರಲ್ಲಿ ಆಗದೆ ಉಳಿದದ್ದನ್ನು ಅವರು ಆ ವರ್ಷಕ್ಕೆ ಕೈಬಿಡುತ್ತಿದ್ದರು. ಗುಳಿಯೊ ಇಲ್ಲದೆ ಬಂದ ಕ್ರಿಸ್‌ಮಸ್ಸುಗಳೂ ಉಂಟು. ಯೇಸು ಹುಟ್ಟದೆ ಇರಲಿಲ್ಲ.

ಹೀಗೆ ಯೋಚಿಸಿದಾಗ ನನಗೆ ಬೆಥಾನಿಯದ ಜಗಳ ಬೇರೆ ಥರ ಕಾಣುತ್ತದೆ. ಮಾರ್ಥಾಳ ದೂರನ್ನು ಸರಿಯಾಗಿ ಓದಿ ನೋಡಿ: ಕೆಲಸ ಹೆಚ್ಚಾಯಿತೆಂದು ಅವಳು ಹೇಳಲಿಲ್ಲ. ತಂಗಿ ತನ್ನನ್ನು ಒಬ್ಬಳನ್ನೇ ಬಿಟ್ಟಳೆಂದು ಹೇಳಿದಳು. ಸ್ವಾಮಿಯ ಮಾತು ಕೇಳುವುದು ಬೇಡವೆಂದೂ ಅವಳೇನು ಅನ್ನಲಿಲ್ಲ. ಅತ್ತೆ ಆ ಮನೆಯಲ್ಲಿದ್ದಿದ್ದರೆ ಮರಿಯಾಳನ್ನು ಎಬ್ಬಿಸುತ್ತಿರಲಿಲ್ಲ. ಹಿಟ್ಟಿನ ಬೋಗುಣಿಯನ್ನೇ ಹೊರಗೆ ತಂದು ಅವಳ ಮಡಿಲ ಬಳಿ ಇಟ್ಟು, ಪೇತ್ರನ ಕೈಗೊಂದು, ಯೊವಾನ್ನನ ಕೈಗೊಂದು ಫೋರ್ಕ್ ಕೊಟ್ಟು, ಈಗ ಉಪದೇಶ ಮುಂದುವರಿಯಲಿ ಎನ್ನುತ್ತಿದ್ದರು. ಮೀನುಗಾರರು, ಬಲೆ ಹೆಣೆದು ಬೆರಳು ಪಳಗಿದವರು. ಚೆನ್ನಾಗಿಯೇ ಸುತ್ತಿಯಾರು.

ಕಳೆದ ವರ್ಷ ನಾನು ಫ್ರಿಜ್ಜಿನ ಮೇಲಿನ ಶೀಟನ್ನು ಕಿತ್ತು ಹಾಕಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಜವಾಬ್ದಾರಿಯ ಅಂಕಣದಲ್ಲಿ ಹೆಸರುಗಳನ್ನು ಮಾತ್ರ ಬದಲಿಸಿದೆ. ಪರದೆಗಳ ಎದುರು ಮಗ. ಕೇಕಿನ ಎದುರು ಸೊಸೆ, ಅವಳಿಗೆ ಒವೆನ್ನಿನ ಭಾಷೆ ಗೊತ್ತು. ನೆರೆಹೊರೆಗೆ ತಟ್ಟೆ ಹಂಚುವುದಕ್ಕೆ ನಾದಿನಿಯ ಮಕ್ಕಳು. ಗೋದಲಿಯ ಕೆಳಗೆ ಒಂದು ಸಾಲು ಹೊಸದಾಗಿ ಸೇರಿಸಿದೆ: "ಗೋದಲಿ ಆದ ಮೇಲೆ ಗುಡಿಸುವುದು," ಎದುರಿಗೆ ಗಂಡನ ಹೆಸರು, ಷರಾದಲ್ಲಿ "ಇರುವೆ ಸಮೇತ". ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ನಿನ್ನ ಹೆಸರು ಎಲ್ಲಿ ಉಂಟು?" ಎಂದು ಕೇಳಿದರು. ಕಿಡಿಯೊ ಪಾಕದ ಎದುರು ತೋರಿಸಿದೆ. ಪಾಕದ ಎಳೆ ನೋಡುವುದನ್ನು ಬೇರೆಯವರಿಗೆ ಬಿಡಲಾಗುವುದಿಲ್ಲ. ಅಷ್ಟು ದೊಡ್ಡ ಸಂತಳು ನಾನಲ್ಲ.

ಒಂದು ತೊಂದರೆ ಉಳಿದಿದೆ. ಬೀದಿಯ ಮಕ್ಕಳು ಈಗ ಬೆಂಗಳೂರು, ದುಬೈ, ಟೊರಾಂಟೊ ಸೇರಿದ್ದಾರೆ; ಇರುವವರಿಗೆ ಟ್ಯೂಷನ್. ಅತ್ತೆಯ ಡೈರಿಯಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವರು ಈಗ ಗೋರಿಕಲ್ಲಿನ ಮೇಲಿದ್ದಾರೆ. ಹಾಗಾಗಿ ಇದನ್ನು ಓದುತ್ತಿರುವ ನಿಮ್ಮಲ್ಲೇ ಕೇಳುತ್ತಿದ್ದೇನೆ. ಗುಲಾಬಿ ಬತ್ತಿಯ ಭಾನುವಾರ, ಊಟವಾಗಿ ಒಂದು ಗಳಿಗೆ ಕಳೆದ ಮೇಲೆ, ಮಂಗಳೂರಿನ ಕಡೆ ಬಂದರೆ ನಮ್ಮಲ್ಲಿಗೆ ಬನ್ನಿ. ಯಾವ ಜಾತಿ, ಯಾವ ಸಭೆ ಎಂದು ಯಾರೂ ಕೇಳುವುದಿಲ್ಲ, ಚಹಾ ಉಂಟು. ಫೋರ್ಕ್ ಮಾತ್ರ ನೀವೇ ತನ್ನಿ.