ಹಾಟ್‌ಸ್ಪಾಟ್ ಚಿಕ್ಕಪ್ಪ

ಹಾಟ್‌ಸ್ಪಾಟ್ ಚಿಕ್ಕಪ್ಪ ಇಲ್ಲದ ಬಳಗ ಹುಡುಕಿದರೂ ಸಿಗದು. ನಿಮ್ಮಲ್ಲಿ ಅವರು ಸೋದರಮಾವನೋ ಭಾವನೋ ಆಗಿರಬಹುದು, ಅಷ್ಟೇ ವ್ಯತ್ಯಾಸ. ಗುರುತು ಸುಲಭ: ಹಾಲಿನ ಮೂಲೆಯಲ್ಲಿ ಟವೆಲ್ ಹೊದ್ದ ಮಾನಿಟರ್, ಕೆಳಗೆ ಒಂದು ಪಕ್ಕದ ಮುಚ್ಚಳ ಕಳಚಿಟ್ಟ ಸಿಪಿಯು, ಅದರ ಬೆನ್ನಿಗೆ ಬ್ರಾಡ್‌ಬ್ಯಾಂಡ್ ವೈರು, ಎದುರಿಗೆ ಉಗುರಿನಷ್ಟು ಗಾತ್ರದ ವೈಫೈ ಡಾಂಗಲ್. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ನೆಟ್ ಬೇಕೇನೋ? ಫೋನ್ ಕೊಡಿಲ್ಲಿ."

ಸಾವಿರ ಚಿಲ್ಲರೆ ಕೊಟ್ಟರೆ ರೂಟರ್ ಸಿಗುತ್ತದೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ. "ಕಂಪ್ಯೂಟರ್ ಇರೋವಾಗ ಅದ್ಯಾಕೆ ದಂಡ?" ಈ ಉಳಿತಾಯಕ್ಕಾಗಿ ಸಿಪಿಯು ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೂ ಗುಂಯ್ ಅನ್ನುತ್ತಲೇ ಇರುತ್ತದೆ. ಅದು ನಿದ್ದೆಗೆ ಜಾರಿದರೆ ಮನೆಯ ನೆಟ್ಟೂ ಜಾರುತ್ತದೆ. ಚಿಕ್ಕಮ್ಮನ ಫೋನಿಗೆ ಒಂದು ಶುಭೋದಯದ ಗುಲಾಬಿ ಬಂದು ತಲುಪಬೇಕಾದರೂ ಯುಪಿಎಸ್, ಸಿಪಿಯು, ಮೋಡೆಮ್ ಮೂವರೂ ಎಚ್ಚರವಿರಬೇಕು. ಕರೆಂಟ್ ಬಿಲ್ಲಿನ ಮಾತೆತ್ತಿದರೆ ಚಿಕ್ಕಪ್ಪ ಫ್ರಿಜ್ಜಿನ ಕಡೆ ಕೈ ತೋರಿಸುತ್ತಾರೆ.

ಒಂದು ಕಂಪ್ಯೂಟರಿನ ನೆಟ್ಟನ್ನು ಇನ್ನೊಂದಕ್ಕೆ ಹಂಚುವ ಅನುಕೂಲ 1999ರಲ್ಲಿ, ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲೇ ಬಂದಿತ್ತು. ಆದರೆ ಚಿಕ್ಕಪ್ಪನ ದೆಸೆ ತಿರುಗಿದ್ದು ವಿಂಡೋಸ್ 7ರಿಂದ. ಕಪ್ಪು ಪರದೆ ತೆರೆದು, ಎರಡೇ ಬೆರಳಲ್ಲಿ, 'ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಸ್ಟಾರ್ಟ್ ಹೋಸ್ಟೆಡ್‌ನೆಟ್‌ವರ್ಕ್' ಎಂಬುದನ್ನು ಸಂಧ್ಯಾವಂದನೆಯ ಮಂತ್ರದ ಹಾಗೆ ಒಂದೇ ಉಸಿರಿಗೆ ಹೊಡೆದು ಮುಗಿಸುತ್ತಿದ್ದರು. ಕಂಪ್ಯೂಟರ್ ಆರಿ ಹತ್ತಿದರೆ ಮತ್ತೆ ಮೊದಲಿಂದ. ಹಾಗಾಗಿ ಕರೆಂಟ್ ಹೋಗಿ ಬಂದಾಗಲೆಲ್ಲ ಮನೆಯ ಎಲ್ಲ ಕೋಣೆಗಳಿಂದ ಒಟ್ಟಿಗೆ "ಚಿಕ್ಕಪ್ಪಾ!" ಎಂಬ ಕೂಗು. ಬಚ್ಚಲಲ್ಲಿದ್ದರೆ ಟವೆಲ್ ಸುತ್ತಿಕೊಂಡೇ ಬರುವರು. ಬೇರೆ ಯಾವ ಕೆಲಸಕ್ಕೂ ಆ ಮನೆಯಲ್ಲಿ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಸೈಟು ಕೊಳ್ಳುವಾಗ ಕೇಳಲಿಲ್ಲ, ಛತ್ರ ಬುಕ್ ಮಾಡುವಾಗಲೂ ಕೇಳಲಿಲ್ಲ. ಲೋಡ್‌ಶೆಡ್ಡಿಂಗ್ ಮೇಲೆ ಅವರು ಸಿಡುಕಿದ್ದನ್ನು ನಾವು ನೋಡಿಯೇ ಇಲ್ಲ.

ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳರು. ಕನಿಷ್ಠ ಎಂಟು ಅಕ್ಷರ ಇರಲೇಬೇಕೆಂಬ ನಿಯಮವನ್ನು ವಿವರಿಸುತ್ತಾ, ಬೆನ್ನು ತಿರುಗಿಸಿ, ತಾವೇ ಒತ್ತಿ ಕೊಡುವರು. 'ಕನೆಕ್ಟೆಡ್' ಎಂದು ಬರುತ್ತದೆ, ನೆಟ್ ಬರುವುದಿಲ್ಲ. "ನಿನ್ ಫೋನೇ ಸರಿಯಿಲ್ಲ ಕಣೋ" ಎಂಬುದು ಮೊದಲ ತೀರ್ಪು. ಆಮೇಲೆ ಮೌಸ್ ಹಿಡಿದು ಶೇರಿಂಗ್ ಎಂಬಲ್ಲಿನ ಟಿಕ್ ತೆಗೆದು, ಮತ್ತೆ ಹಾಕಿ, 192.168.137.1 ಎಂದು ಗೊಣಗಿ, ಫೈರ್‌ವಾಲ್ ಆರಿಸಿ, ಹಚ್ಚಿ, ಅದನ್ನೂ ಬೈಯುವರು. ನಮ್ಮ ಅಕ್ಕನನ್ನು ನೋಡಲು ಬಂದ ಹುಡುಗ ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಜಾತಕದ ಮಾತೂ ಮುಗಿದು ಹೊರಟು ನಿಂತರೂ ಅವನ ಫೋನ್ ಚಿಕ್ಕಪ್ಪನ ಕೈಯಲ್ಲೇ ಇತ್ತು. ಪಾಪ, ಅವನು ನೆಟ್ ಕೇಳಿಯೇ ಇರಲಿಲ್ಲ.

2016 ಅವರಿಗೆ ಆಗಿಬರಲಿಲ್ಲ. ಆಗಸ್ಟಿನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಬಂದು, ಕಪ್ಪು ಪರದೆಯ ವಿದ್ಯೆಯೆಲ್ಲ ಮೊಬೈಲ್ ಹಾಟ್‌ಸ್ಪಾಟ್ ಎಂಬ ಒಂದೇ ಗುಂಡಿಗೆ ಇಳಿಯಿತು, ಎಳೆಮಕ್ಕಳೂ ಒತ್ತಬಹುದು. ಸೆಪ್ಟೆಂಬರಿನಲ್ಲಿ ಜಿಯೋ ಬಂದು ಎಲ್ಲರ ಜೇಬಿಗೂ ನೆಟ್ ಇಳಿಯಿತು. ಚಿಕ್ಕಪ್ಪ ಕುಗ್ಗಲಿಲ್ಲ. "ಎಂಟು ಜನಕ್ಕೆ ಕೊಡಬಹುದಂತೆ" ಎಂದು ಎಂಟು ಜನರಿಗಾಗಿ ಕಾದು ಕೂತರು. ಯಾರೂ ಸೇರದಿದ್ದರೆ ಆ ಹಾಟ್‌ಸ್ಪಾಟ್ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ. ಅದಕ್ಕೇ ಗಾಜು ಒಡೆದ ಹಳೇ ಫೋನೊಂದನ್ನು ಚಾರ್ಜರಿಗೆ ಕಟ್ಟಿ, ಕಾಯಂ ಗಿರಾಕಿಯಾಗಿ ನೇಮಿಸಿಕೊಂಡರು.

ಈಚೆಗೆ ಫೈಬರ್ ಹಾಕಲು ಬಂದ ಹುಡುಗ ರೂಟರನ್ನು ಪುಕ್ಕಟೆಯಾಗಿ ಕೊಟ್ಟು, ವೈಫೈ ಹಚ್ಚಿ, ಸಹಿ ಹಾಕಿಸಿಕೊಂಡು ಹೋದ. ಅವನ ಬೈಕು ತಿರುವು ದಾಟುವಷ್ಟರಲ್ಲಿ ಚಿಕ್ಕಪ್ಪ ಆ ವೈಫೈ ಆರಿಸಿದ್ದರು. ರೂಟರಿನಿಂದ ವೈರು ಎಳೆದು ಸಿಪಿಯು ಬೆನ್ನಿಗೆ ಚುಚ್ಚಿ, ಅಲ್ಲಿಂದ ಡಾಂಗಲ್‌ಗೆ ಕೊಟ್ಟು, ಹಳೇ ಹೆಸರಿನಲ್ಲೇ ವಿತರಣೆ ಶುರು. ಏನು ಚಿಕ್ಕಪ್ಪ ಇದು ಎಂದರೆ, ಟವೆಲ್ ಸರಿಪಡಿಸುತ್ತಾ ಹೇಳಿದರು:

"ರೂಟರಿಂದ ನೇರ ಬರೋ ನೆಟ್ ಹಸಿ ಕಣೋ. ಕಂಪ್ಯೂಟರ್ ಒಳಗೆ ಹಾಯ್ದು ಬಂದ್ರೇನೇ ಮೈಗೆ ಹಿಡಿಯೋದು. ತಾ, ಫೋನ್ ಕೊಡು."